ಕೋಲು ಹಿಡಿದವಳ ಅಪ್ಪ

ನನ್ನ ನಾದಿನಿಗೆ ಬಾತು ಅಂತ ಹೆಸರಿಟ್ಟವಳು ನಾನೇ. ಕಾಲೆಳೆಯಲು ಇಟ್ಟ ಹೆಸರು, ಅದೇ ನಿಂತುಬಿಟ್ಟಿತು. ಮೊಣಕಾಲು ತುಸು ಬಗ್ಗಿಸಿ, ಸೊಂಟ ಇಳಿಸಿ, ಮೊದಲು ಹಿಮ್ಮಡಿ, ಆಮೇಲೆ ಬೆರಳು ಊರುತ್ತ, ಕೈಯಲ್ಲಿ ತುಂಬಿದ ನೀರಿನ ಲೋಟ ಹಿಡಿದು ಅವಳು ನಡುಮನೆಯಿಂದ ಹಿತ್ತಿಲ ಬಾಗಿಲವರೆಗೆ ನಡೆಯುವುದನ್ನು ನೋಡಿದ್ದರೆ ನೀವೂ ಅದೇ ಹೆಸರು ಇಡುತ್ತಿದ್ದಿರಿ. ನೀರು ತುಳುಕಿದರೆ ಮತ್ತೆ ಮೊದಲಿಂದ. ಇದೆಲ್ಲ ಆಗಬೇಕಾದದ್ದು ನಾನು ಆಗಷ್ಟೇ ಒರೆಸಿದ ನೆಲದ ಮೇಲೆಯೇ. ಬೈದರೆ "ಇದೊಂದ್ಸಲ ಅತ್ತಿಗೆ, ಇದೊಂದೇ ಸಲ" ಅನ್ನುವಳು.

ಅವಳ ಹತ್ತಿರ ಒಂದು ಕೋಲಿತ್ತು. ಗಿಂಬಲ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅದು ಕೋಲೇ. ತುದಿಗೆ ಕ್ಯಾಮೆರಾ ಕೂರಿಸಿ ಹಿಡಿದರೆ ಕೈ ವಾಲಲಿ, ತಿರುಗಲಿ, ಕ್ಯಾಮೆರಾ ಮಾತ್ರ ನೆಟ್ಟಗೆ ನಿಂತಿರುತ್ತದೆ. ಒಳಗೆ ಪುಟ್ಟ ಪುಟ್ಟ ಮೋಟರುಗಳಿವೆಯಂತೆ. ಆದರೆ ನಡೆಯುವಾಗ ಮೈ ಮೇಲೆ ಕೆಳಗೆ ಕುಣಿಯುತ್ತದಲ್ಲ, ಆ ಕುಣಿತವನ್ನು ಮೋಟರು ತಡೆಯುವುದಿಲ್ಲ. "ಅದು ಮೊಣಕಾಲಿನ ಕೆಲಸ ಅತ್ತಿಗೆ. ಕೋಲು ಅರ್ಧ, ಕಾಲು ಅರ್ಧ" ಅಂತ ನನಗೆ ಪಾಠ ಹೇಳುತ್ತಿದ್ದಳು. ಹೊಟ್ಟೆಪಾಡಿಗೆ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ. ದಿನವಿಡೀ ಗೋಡೆಗೆ ಬೆನ್ನು ಕೊಟ್ಟು ಕೂತವರಿಗೆ "ಗಲ್ಲ ಸ್ವಲ್ಪ ಕೆಳಗೆ, ಹಾಂ, ಉಸಿರಾಡಿ, ಪರವಾಗಿಲ್ಲ" ಅನ್ನುವುದು. ರಜೆ ಸಿಕ್ಕಿತೋ, ಬೆನ್ನಿಗೆ ಚೀಲ, ಕೈಗೆ ಕೋಲು, ಹೊರಟಳು. ಮದುವೆಯಾಗದ ಹೆಣ್ಣು ಹೀಗೆ ಊರೂರು ಸುತ್ತುವುದೇ ಅಂತ ರಾಗ ಎಳೆದವರಿಗೆ ನಾನು "ನಮ್ಮನೆ ಬಾತು, ನಮ್ಮನೆ ನೀರು. ನಿಮಗ್ಯಾಕೆ ಒದ್ದೆಯಾಗ್ಬೇಕು?" ಅಂತ ಕೇಳಿ ಬಾಯಿ ಮುಚ್ಚಿಸಿದ್ದೇನೆ.

ಅವಳು ಒಬ್ಬಳೇ ಹೋಗುತ್ತಿರಲಿಲ್ಲ. ಜೊತೆಗೆ ಮಾತಿನಮಲ್ಲಿ ಇರುತ್ತಿದ್ದಳು. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು. ಆಗಿನಿಂದಲೂ ಇವಳು ಕೇಳುವವಳು, ಅವಳು ಹೇಳುವವಳು. ಮಲ್ಲಿ ಒಂದು ಆಸ್ಪತ್ರೆಯಲ್ಲಿ ಬಂದವರನ್ನು ವಿಚಾರಿಸುವ ಮೇಜಿನ ಹಿಂದೆ ಕೂರುತ್ತಿದ್ದಳು. ಅಲ್ಲಿಗೆ ಬಂದ ರೋಗಿಗಳು ಡಾಕ್ಟರನ್ನು ನೋಡುವ ಮೊದಲೇ ಅರ್ಧ ವಾಸಿಯಾಗುತ್ತಿದ್ದರಂತೆ. ಹಾಗಂತ ಅವಳೇ ಹೇಳಿದ್ದು. ಮಾತಿನಲ್ಲಿ ಎತ್ತಿದ ಕೈ. ನಮ್ಮ ಮನೆಗೆ ಬಂದರೆ ಕೇಳದೆಯೇ ಅಡುಗೆಮನೆಗೆ ನುಗ್ಗಿ ಡಬ್ಬಿ ತೆಗೆಯುವಷ್ಟು ಸಲಿಗೆ ಇತ್ತು, ಆ ಸಲಿಗೆ ಕೊಟ್ಟವಳೂ ನಾನೇ. ಇಬ್ಬರೂ ಸೇರಿ ಪ್ರವಾಸದ ವಿಡಿಯೋ ಚಾನೆಲ್ ಶುರು ಮಾಡಿದರು. ಮುಂದೆ ನಡೆಯುತ್ತ ಮಾತಾಡುವವಳು ಅವಳು, ಕೋಲು ಹಿಡಿಯುವವಳು ಇವಳು. ಚಾನೆಲ್ ಇಬ್ಬರದೂ ಅಂದರು. ನಾವು ಹಾಗೇ ತಿಳಿದೆವು.

ಅವರು ಕೆಲಸ ಮಾಡುವ ರೀತಿಯನ್ನು ನಾನು ಒಮ್ಮೆ ನಮ್ಮ ಬೀದಿಯಲ್ಲೇ ಕಂಡೆ. ಮಲ್ಲಿ ಕ್ಯಾಮೆರಾ ನೋಡುತ್ತ ಮುಂದೆ ಬರಬೇಕಾದರೆ ಬಾತು ಹಿಂದೆ ಹಿಂದೆ ನಡೆಯಬೇಕು. ಬೆನ್ನಿಗೆ ಕಣ್ಣಿಲ್ಲವಲ್ಲ. ಹಿಂದೆ ಚರಂಡಿ ಇದೆಯೋ, ಮೆಟ್ಟಿಲಿದೆಯೋ, ಸೈಕಲ್ಲು ಬರುತ್ತಿದೆಯೋ ಇವಳಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಮಲ್ಲಿ ಮುಖದಲ್ಲಿ ನಗುತ್ತ, ಬಾಯಲ್ಲಿ ಮಾತಾಡುತ್ತ, ಕ್ಯಾಮೆರಾಕ್ಕೆ ಕಾಣದ ಹಾಗೆ ತೊಡೆಯ ಹತ್ತಿರ ಬೆರಳಲ್ಲಿ ಸನ್ನೆ ಮಾಡುತ್ತಿದ್ದಳು. ತೋರುಬೆರಳು ಆಡಿಸಿದರೆ ಎಡಕ್ಕೆ, ಹೆಬ್ಬೆರಳಾದರೆ ಬಲಕ್ಕೆ, ಮುಷ್ಟಿ ಕಟ್ಟಿದರೆ ನಿಲ್ಲು. ಬಾತು ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಆ ಬೆರಳುಗಳ ಮೇಲೆ ಇಟ್ಟು ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದಳು. ನಾನು "ಬೀಳಲ್ವೇನೇ?" ಅಂದರೆ "ಮಲ್ಲಿ ಇದಾಳಲ್ಲ ಅತ್ತಿಗೆ" ಅಂದಳು. ಬೆಟ್ಟದ ಅಂಚಿನಲ್ಲೂ ಹೀಗೇ ನಡೆದಿದ್ದಾಳಂತೆ. ಅಷ್ಟು ನಂಬಿಕೆ.

ಊರಿಗೆ ಬಂದ ಮೇಲೆ ವಿಡಿಯೋ ಕತ್ತರಿಸಿ ಜೋಡಿಸುವುದು ಮಲ್ಲಿಯ ಕೆಲಸ. ತನ್ನ ಕೋಣೆಯಲ್ಲಿ ಕಂಬಳಿ ಹೊದ್ದು, ಹೊರಗಿನ ಸದ್ದು ಕೇಳದಂತೆ ಮಾಡಿಕೊಂಡು, ದಾರಿಯಲ್ಲಿ ಆಡಿದ ಮಾತು ತೆಗೆದು ಹೊಸದಾಗಿ ಹೇಳಿ ಸೇರಿಸುವಳು. ಆಮೇಲೆ ಒಮ್ಮೆ ನೋಡಲು ಬಾತುವಿಗೆ ಕಳಿಸುವಳು. ಬಾತು ನೋಡುತ್ತಿದ್ದದ್ದು ಶಬ್ದ ಪೂರ್ತಿ ತೆಗೆದು. ಅವಳ ಗಮನವೆಲ್ಲ ಚಿತ್ರದ ನಾಲ್ಕು ಮೂಲೆಗಳ ಮೇಲೆ, ಎಲ್ಲಾದರೂ ಅಲುಗಿದೆಯೇ, ಜರ್ಕು ಹೊಡೆದಿದೆಯೇ ಅಂತ. "ಮಾತು ಕೇಳಿಸ್ತಿದ್ರೆ ಕಣ್ಣು ಮೋಸ ಹೋಗುತ್ತೆ ಅತ್ತಿಗೆ. ಮಲ್ಲಿ ಮಾತಾಡಿದ್ರೆ ಎಲ್ಲ ಚೆನ್ನಾಗೇ ಕಾಣುತ್ತೆ" ಅನ್ನುತ್ತಿದ್ದಳು. ನಮಗೆ ಟಿವಿಯಲ್ಲಿ ಹಾಕಿ ತೋರಿಸುವಾಗಲೂ ಅಷ್ಟೇ, ಶಬ್ದ ಬಂದ್. ಪಕ್ಕದಲ್ಲಿ ನಿಂತು ತಾನೇ ಕಥೆ ಹೇಳುವಳು: ಇಲ್ಲಿ ನನ್ನ ಚಪ್ಪಲಿ ಕಿತ್ತೋಯ್ತು, ಇಲ್ಲಿ ಮಲ್ಲಿಗೆ ಬಿಕ್ಕಳಿಕೆ, ಇಲ್ಲಿ ಒಂದು ನಾಯಿ ನನ್ನ ಹಿಂದೆಯೇ ಬಂತು. ನಾವು ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದೆವು. ಹೀಗಾಗಿ ನಮ್ಮ ಮನೆಯಲ್ಲಿ ಆ ವಿಡಿಯೋಗಳೆಲ್ಲ ಬಾತುವಿನ ದನಿಯಲ್ಲೇ ಇದ್ದವು.

ಇನ್ನು ನನ್ನ ಮಾವನ ವಿಷಯ. ಮಾವ ಬಸ್ ಡ್ರೈವರ್. ಕೆಲಸಕ್ಕೆ ಸೇರಿದಾಗಿನಿಂದ ಬಿಡುವವರೆಗೆ ಅವರಿಗೆ ಸಿಕ್ಕಿದ್ದು ಒಂದೇ ದಾರಿ. ಆ ದಾರಿಯ ಕೊನೆಯ ನಿಲ್ದಾಣದಲ್ಲಿ ರಸ್ತೆ ಸ್ವಲ್ಪ ಅಗಲವಾಗುತ್ತದೆ, ಅಲ್ಲಿ ಬಸ್ಸು ತಿರುಗಿಸಿ ವಾಪಸ್ಸು ಹೊರಡಬೇಕು. ಅಲ್ಲಿಂದ ಮುಂದೆ ಒಂದು ಕಿರುದಾರಿ ಗುಡ್ಡ ಹತ್ತಿ ಮರೆಯಾಗುತ್ತದೆ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ, ನಾನು ಔಷಧಿ ಕುಡಿಸುತ್ತಿದ್ದೆ, ಮಾವ ಇದ್ದಕ್ಕಿದ್ದಂತೆ ಅಂದರು: "ಆ ದಾರಿ ಎಲ್ಲಿಗೆ ಹೋಗುತ್ತೆ ಅಂತ ಒಂದಿನ ಇಳಿದು ನೋಡ್ಲಿಲ್ಲ ನೋಡಮ್ಮಾ. ಬಸ್ಸು ತಿರುಗಿಸೋದೇ ಆಯ್ತು." "ಹುಷಾರಾಗಿ, ಹೋಗಿ ಬರೋಣ" ಅಂದೆ. ಬಾಗಿಲಲ್ಲಿ ಬಾತು ನಿಂತಿದ್ದಳು. ಮಾವ ಹೋಗಿ ಸ್ವಲ್ಪ ಕಾಲಕ್ಕೆ ಅವಳು ಚೀಲ ಕೊಂಡಳು. ಊರು ಸುತ್ತುವ ಹುಚ್ಚು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದಳು. ನಿಜ ಹೇಳಿದ್ದು ಒಬ್ಬಳಿಗೇ, ಮಲ್ಲಿಗೆ.

ಬಹಳ ದಿನ ಮನಸ್ಸು ಗಟ್ಟಿ ಮಾಡಿಕೊಂಡು ಕೊನೆಗೆ ಇಬ್ಬರೂ ಆ ಜಾಗಕ್ಕೂ ಹೋಗಿ ಬಂದರು. ವಿಡಿಯೋ ಹಾಕಿದ ದಿನ ನನ್ನ ಯಜಮಾನರು ಕೆಲಸಕ್ಕೆ ರಜೆ ಹಾಕಿ ಟಿವಿ ಮುಂದೆ ಕೂತರು. ಶಬ್ದ ಬಂದ್. ಬಾತು ಪಕ್ಕದಲ್ಲಿ ನಿಂತು, "ಇಲ್ಲೇ ಅಣ್ಣ, ಅಪ್ಪ ತಿರುಗಿಸ್ತಿದ್ದದ್ದು" ಅಂದಳು. ಚಿತ್ರ ಒಂಚೂರೂ ನಡುಗಿರಲಿಲ್ಲ. ರಸ್ತೆಯ ಮಧ್ಯೆ ಮಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು "ನೋಡ್ರೀ, ಗೆಳತಿಯ ಅಪ್ಪನಿಗೋಸ್ಕರ ಹೇಗೆ ಅಳ್ತಿದೆ ಹುಡುಗಿ" ಅಂತ ಬಾಯಿ ತುಂಬ ಹೊಗಳಿದೆ. ಈ ನಾಲಿಗೆಯಿಂದಲೇ. ಆಮೇಲೆ ಕ್ಯಾಮೆರಾ ಗುಡ್ಡ ಹತ್ತಿತು. ಮೇಲೆ ಒಂದು ನೀರಿನ ತೊಟ್ಟಿ, ನಾಲ್ಕಾರು ಮನೆ, ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ, ಅಲ್ಲಿಗೆ ದಾರಿ ಮುಗಿದೇ ಹೋಯಿತು. "ಇಷ್ಟೇನಾ?" ಅಂದರು ನಮ್ಮ ಯಜಮಾನರು. ಅಂದವರು ಎದ್ದು ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.

ಆ ವಿಡಿಯೋ ಆದ ಮೇಲೆ ಮಲ್ಲಿಯ ಗ್ರಹಗತಿಯೇ ಬದಲಾಯಿತು. ಅಂಗಡಿಯಲ್ಲಿ ಜನ ಗುರುತು ಹಿಡಿದರು, ಕಾಲೇಜಿನವರು ಭಾಷಣಕ್ಕೆ ಕರೆದರು, ಆಸ್ಪತ್ರೆಯ ಕೆಲಸ ಬಿಟ್ಟಳು. ಪ್ರವಾಸದ ಚೀಲ ತಯಾರಿಸುವ ಯಾವುದೋ ಕಂಪನಿಯವರು ದೂರದ ದೇಶಕ್ಕೆ ಕಳಿಸುತ್ತಾರೆ ಅಂದಳು. ಬಾತು ಸ್ಟುಡಿಯೋದಲ್ಲಿ ಉದ್ದ ರಜೆ ಕೇಳಿ ಬೈಸಿಕೊಂಡು ಬಂದಳು. ಚಿತ್ರ ಅಷ್ಟು ಚೆನ್ನಾಗಿ ಬಂದಿದ್ದಕ್ಕೇ ಇದೆಲ್ಲ ಅಂತ ನಾವು ಹೆಮ್ಮೆಪಟ್ಟೆವು. ಭಾಷಣಕ್ಕೆ ಬಾತುವನ್ನು ಯಾಕೆ ಕರೆಯಲಿಲ್ಲ ಅಂತ ನಾನು ಒಮ್ಮೆ ಕೇಳಿದ್ದೆ. "ನಂಗೆ ವೇದಿಕೆ ಅಂದ್ರೆ ಕಾಲು ನಡುಗುತ್ತೆ ಅಂತ ಅವಳಿಗೆ ಗೊತ್ತಲ್ಲ ಅತ್ತಿಗೆ" ಅಂದಳು ಬಾತು.

ಅಷ್ಟರಲ್ಲಿ ನನಗೆ ಕಣ್ಣಿನ ಆಪರೇಷನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೂ ಕೆಲಸ ಕೊಡಬೇಡಿ, ಟಿವಿ ಫೋನು ಮುಟ್ಟಬೇಡಿ ಅಂದರು ಡಾಕ್ಟರು. ನನ್ನಂಥವಳನ್ನು ಮಂಚದ ಮೇಲೆ ಕಣ್ಣು ಮುಚ್ಚಿಸಿ ಮಲಗಿಸಿದರೆ ಮನೆಮಂದಿಗೇ ಶಿಕ್ಷೆ. ಬೆಳಿಗ್ಗೆಯಿಂದ ಅದು ಎಲ್ಲಿ, ಇದು ಯಾಕೆ ಅಂತ ಕೂಗುತ್ತಲೇ ಇದ್ದೆ. ಯಜಮಾನರು ತಾಳಲಾರದೆ "ಮಲ್ಲಿ ವಿಡಿಯೋನಾದ್ರೂ ಕೇಳ್ತಾ ಬಿದ್ಕೊ" ಅಂತ ಟಿವಿ ಹಾಕಿ, ಗಡ್ಡ ಬೋಳಿಸಿಕೊಳ್ಳಲು ಹೋದರು. ಬಾತು ಸ್ಟುಡಿಯೋದಲ್ಲಿದ್ದಳು. ನಮ್ಮ ಮನೆಯಲ್ಲಿ ಆ ವಿಡಿಯೋದ ಶಬ್ದ ಕೇಳಿದ್ದು ಅದೇ ಮೊದಲು.

"ನಾನೊಬ್ಬಳೇ ಬಂದಿದ್ದೀನಿ," ಅಂದಿತು ಮಲ್ಲಿಯ ದನಿ. "ಯಾವಾಗಿನ ಹಾಗೆ ನನ್ನ ಜೊತೆ ಯಾರೂ ಇಲ್ಲ. ಇವತ್ತಂತೂ ಯಾರೂ ಇರಬಾರದು. ಇದು ನಮ್ಮಪ್ಪ ಬಸ್ಸು ತಿರುಗಿಸ್ತಿದ್ದ ಜಾಗ."

ನನಗೆ ಮೊದಲು ಏನೂ ಹೊಳೆಯಲಿಲ್ಲ. ಅವಳಪ್ಪ ಎಲ್ಲಿ ಬಸ್ಸು ಓಡಿಸಿದರು? ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಈಗಲೂ ಗುಂಡುಕಲ್ಲಿನ ಹಾಗಿದ್ದಾರೆ, ದಿನಾ ಸಂಜೆ ವಾಕಿಂಗ್ ಹೋಗುತ್ತಾರೆ. ದನಿ ಗದ್ಗದವಾಯಿತು. "ಅಪ್ಪ ಹೋಗೋ ಮುಂಚೆ ನನಗೆ ಹೇಳಿದ್ರು. ಆ ದಾರಿ ಎಲ್ಲಿಗೆ ಹೋಗುತ್ತೆ ಅಂತ ಒಂದಿನ ಇಳಿದು ನೋಡ್ಲಿಲ್ಲ ನೋಡಮ್ಮಾ, ಅಂತ. ಔಷಧಿ ಕುಡಿಸ್ತಿದ್ದೆ. ನನ್ನ ಕೈಯಲ್ಲಿ ಲೋಟ ಹಾಗೇ ಇತ್ತು."

ನನ್ನ ಕೈ ಅದು. ನನ್ನ ಲೋಟ. ನನ್ನ ಮಾವ. ಕಣ್ಣು ತೆರೆಯಬಾರದು ಅಂದದ್ದು ಮರೆತು ಎದ್ದು ಕೂತೆ. ಬಚ್ಚಲ ಬಾಗಿಲಲ್ಲಿ ಯಜಮಾನರು ಅರ್ಧ ಮುಖ ಸೋಪಿನ ನೊರೆ ಮಾಡಿಕೊಂಡು ನಿಂತಿದ್ದರು. ಅವರಿಗೂ ಕೇಳಿಸಿತ್ತು. "ಇವಳ್ಯಾಕೆ ನಮ್ಮಪ್ಪನ್ನ ಅಪ್ಪ ಅಂತಿದಾಳೆ?" ಅಂದರು. ಆ ಮನುಷ್ಯನಿಗೆ ಸಿಟ್ಟೂ ನಿಧಾನವಾಗಿಯೇ ಬರುವುದು. ನನಗೆ ಹಾಗಲ್ಲ, ಮೈಯೆಲ್ಲ ಉರಿದುಹೋಯಿತು.

ಬಾತು ಸಂಜೆ ಬಂದವಳು ಚೀಲ ಕೂಡ ಇಳಿಸದೆ ನಿಂತೇ ಕೇಳಿದಳು. ಮುಗಿದ ಮೇಲೆ, "ಹಿಂದಿನದು ಹಾಕಿ ಅಣ್ಣ" ಅಂದಳು. ಅದರಲ್ಲೂ ನಾನೊಬ್ಬಳೇ. ಅದರ ಹಿಂದಿನದರಲ್ಲೂ ನಾನೊಬ್ಬಳೇ. ಇವಳ ಚಪ್ಪಲಿ ಕಿತ್ತುಹೋದದ್ದು ಅವಳ ಚಪ್ಪಲಿಯಾಗಿತ್ತು. ಇವಳ ಹಿಂದೆ ಬಂದ ನಾಯಿ ಅವಳ ಹಿಂದೆ ಬಂದಿತ್ತು. ತೀರಾ ಹಳೆಯ ಕೆಲವದರಲ್ಲಿ ಮಾತ್ರ "ನಾವು" ಅನ್ನುತ್ತಿದ್ದಳು; ಯಾವಾಗಲೋ ಆ "ನಾವು" ಸದ್ದಿಲ್ಲದೆ "ನಾನು" ಆಗಿತ್ತು. ಯಾರೋ ಒಬ್ಬರು ಕೆಳಗೆ ಬರೆದು ಕೇಳಿದ್ದರು: ಒಬ್ಬರೇ ಹೋಗ್ತೀರಲ್ಲ, ಕ್ಯಾಮೆರಾ ಹಿಡಿಯೋದು ಯಾರು? ಮಲ್ಲಿ ಉತ್ತರ ಕೊಟ್ಟಿದ್ದಳು: ದಾರಿಯಲ್ಲಿ ಸಿಕ್ಕವರ ಕೈಗೆ ಕೊಡ್ತೀನಿ.

ಬಾತು ಅದನ್ನು ಗಟ್ಟಿಯಾಗಿ ಓದಿದಳು. "ದಾರಿಯಲ್ಲಿ ಸಿಕ್ಕವರು," ಅಂತ ಇನ್ನೊಮ್ಮೆ ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಅದೆಲ್ಲ ಹೋಗ್ಲಿ ಅತ್ತಿಗೆ. ನಾನು ಕಾಣಿಸ್ದೇ ಇದ್ರೂ ಪರವಾಗಿಲ್ಲ. ಅಪ್ಪನ್ನ ವಾಪಸ್ ಕೊಟ್ರೆ ಸಾಕು" ಅಂದಳು. ಅವಳಿಗೆ ಬೇಕಾದದ್ದು ಅಷ್ಟೇ. ಇದು ನನ್ನ ಗೆಳತಿಯ ಅಪ್ಪನ ಕಥೆ ಅಂತ ಮಲ್ಲಿ ಒಂದು ಮಾತು ಹೇಳಬೇಕು, ಎಲ್ಲರ ಮುಂದೆ, ಅದೇ ಬಾಯಲ್ಲಿ.

ಪಟ್ಟಿ ಬಿಚ್ಚಿದ ಮೇಲೆ ನಾನೂ ಜೊತೆಗೆ ಹೋದೆ. ಬೇಡ ಅಂದಳು, ಬಿಡುತ್ತೇನೆಯೇ? ಮಲ್ಲಿಯ ಮನೆಯ ಜಗುಲಿಯಲ್ಲಿ ಅವಳಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರು ಓದುತ್ತಿದ್ದರು. "ಬನ್ನಿ ಬನ್ನಿ, ಕಣ್ಣು ಹೇಗಿದೆ?" ಅಂತ ಎದ್ದು ವಿಚಾರಿಸಿಕೊಂಡರು. ಒಳ್ಳೆಯ ಮನುಷ್ಯ. ಲೋಕವೆಲ್ಲ ನಿಮಗಾಗಿ ಕಣ್ಣೀರಿಡುತ್ತಿದೆ, ನೀವು ತೀರಿಕೊಂಡಿದ್ದೀರಿ ಅಂತ ಹೇಳಿಬಿಡೋಣ ಅಂತ ನಾಲಿಗೆ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ.

ಮಲ್ಲಿಯ ಕೋಣೆ ಮಹಡಿಯ ಮೇಲೆ. ಮೇಜಿನ ಮೇಲೆ ದೊಡ್ಡ ಪರದೆ, ಗೋಡೆಗೆ ದೇಶಗಳ ನಕ್ಷೆ, ಮಂಚದ ಮೇಲೆ ಆ ಕಂಬಳಿ. ನಮ್ಮನ್ನು ನೋಡಿದ್ದೇ ಅವಳ ಮುಖ ಸಪ್ಪಗಾಯಿತು. ಬಾತು ಬೈಯಲಿಲ್ಲ. "ನಮ್ಮಪ್ಪನ ಕಥೆ ನಿಮ್ಮಪ್ಪನದು ಅಂತ ಯಾಕೆ ಹೇಳ್ದೆ?" ಅಂತ ಮೆಲ್ಲಗೆ ಕೇಳಿದಳು.

"ಬೇಕು ಅಂತ ಹೇಳಿದ್ದಲ್ಲ ಕಣೆ," ಅಂದಳು ಮಲ್ಲಿ. "ಮೊದ್ಲು ಸರಿಯಾಗೇ ಹೇಳ್ದೆ. ನನ್ನ ಗೆಳತಿಯ ಅಪ್ಪ ಅಂತ. ಕೇಳಿ ನೋಡಿದ್ರೆ ಸಪ್ಪೆ ಸಪ್ಪೆ. ಯಾರದ್ದೋ ಅಪ್ಪ ಅಂದ್ರೆ ಯಾರು ಅಳ್ತಾರೆ? ಒಂದ್ಸಲ ನಮ್ಮಪ್ಪ ಅಂದು ನೋಡ್ದೆ. ನಂಗೇ ಅಳು ಬಂತು."

"ನಾನು ಜೊತೇಲೇ ಇದ್ನಲ್ಲೇ."

"ಜನಕ್ಕೆ ಬೇಕಾಗಿರೋದು ಒಬ್ಬಳೇ ಹೆಣ್ಣು ಕಣೆ. ಇಬ್ಬರು ಹೋದ್ರೆ ಅದು ಪಿಕ್ನಿಕ್ಕು. ನಿಂಗೂ ಗೊತ್ತಿದೆ ಅಂತ್ಲೇ ನಾನು ಅಂದ್ಕೊಂಡಿದ್ದೆ. ಪ್ರತಿಯೊಂದೂ ನಿಂಗೆ ಮೊದ್ಲು ಕಳಿಸ್ತಿರ್ಲಿಲ್ವಾ? ಚೆನ್ನಾಗಿದೆ, ಹಾಕು ಅಂತ ನೀನೇ ತಾನೇ ಅಂತಿದ್ದೆ?"

ನೋಡಿದಿರಾ ಮಾತಿನ ಚಮತ್ಕಾರ? ಇವಳು ಶಬ್ದ ತೆಗೆದು ನೋಡುತ್ತಾಳೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನಂಬಿಸಿ ಕತ್ತು ಕೊಯ್ದಿದ್ದಳು, ಈಗ ಕತ್ತು ಒಡ್ಡಿದವಳು ನೀನೇ ಅನ್ನುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾತು ನನ್ನ ಕೈ ಒತ್ತಿ, "ಈಗಾದ್ರೂ ನಿಜ ಹೇಳು. ಒಂದೇ ಮಾತು" ಅಂದಳು.

ಮಲ್ಲಿ ಎದ್ದು ಬಂದು ಬಾತುವನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ತಪ್ಪಾಯ್ತು ಅಂದಳು. ಹೇಳ್ತೀನಿ, ಇವತ್ತೇ ಹೇಳ್ತೀನಿ, ಈಗಲೇ ಅಂದಳು. ನಿಜ ಹೇಳುತ್ತೇನೆ, ನನ್ನ ಮನಸ್ಸೂ ಕರಗಿತು. ಚಿಕ್ಕಂದಿನಿಂದ ಕಂಡ ಹುಡುಗಿ, ಎಡವಿದ್ದಾಳೆ, ಎದ್ದು ನಿಲ್ಲುತ್ತಾಳೆ ಅಂದುಕೊಂಡೆ. ಮಲ್ಲಿ ಮುಖ ತೊಳೆದು ಬಂದು ಕಿಟಕಿಯ ಹತ್ತಿರ ಕೂತಳು. "ಸ್ಟ್ಯಾಂಡಿಗೆ ಹಾಕಿದ್ರೆ ಜೀವ ಇರಲ್ಲ ಕಣೆ. ನೀನೇ ಹಿಡ್ಕೊ" ಅಂತ ಕೋಲನ್ನು ಇವಳ ಕೈಗೇ ಕೊಟ್ಟಳು.

ಬಾತು ಕೋಲು ಹಿಡಿದಳು. ಮೊಣಕಾಲು ತಾನಾಗೇ ಬಗ್ಗಿತು. ಮಲ್ಲಿ ಕ್ಯಾಮೆರಾ ನೋಡಿ ಶುರು ಮಾಡಿದಳು. ನಾನು ನಿಮಗೊಂದು ಸುಳ್ಳು ಹೇಳಿದ್ದೆ, ಅಪ್ಪ ಬಸ್ಸು ತಿರುಗಿಸುತ್ತಿದ್ದ ಜಾಗ ಅಂದೆನಲ್ಲ, ಆ ಅಪ್ಪ ನನ್ನ ಗೆಳತಿಯ ಅಪ್ಪ, ಈಗ ಕ್ಯಾಮೆರಾ ಹಿಡಿದಿರುವವಳೇ ಆ ಗೆಳತಿ. ಅಷ್ಟು ಹೇಳಿ ಕಣ್ಣು ತುಂಬಿಕೊಂಡಳು. ಹೇಳಿಬಿಟ್ಟಳಲ್ಲ ಅಂತ ನಾನು ಉಸಿರು ಬಿಟ್ಟೆ. ಆಗ ಅವಳು ಕೈ ಎತ್ತಿ ತಡೆದಳು. ಕೆನ್ನೆ ಒರೆಸಿಕೊಂಡು ಪರದೆಯ ಕಡೆ ಬಗ್ಗಿ ನೋಡಿದಳು.

"ಕಿಟಕಿ ಬೆಳಕು ಈ ಕಡೆ ಬಿದ್ದಿದೆ, ಕಣ್ಣೀರು ಕಾಣ್ಲೇ ಇಲ್ಲ. ಇನ್ನೊಂದ್ಸಲ ಅಳ್ತೀನಿ ತಡಿ. ಅಪ್ಪ ಅನ್ನೋ ಹೊತ್ತಿಗೆ ನೀನು ನಿಧಾನಕ್ಕೆ ಹತ್ತಿರ ಬಾ."

ಬಾತು ಕೋಲಿನ ಗುಂಡಿ ಒತ್ತಿದಳು. ಮೋಟರು ನಿಂತು ಕ್ಯಾಮೆರಾ ಕತ್ತು ಚೆಲ್ಲಿ ಜೋತುಬಿತ್ತು. ಅದನ್ನು ಮಂಚದ ಮೇಲೆ ಇಟ್ಟು, "ನಿಮ್ಮಪ್ಪ ಕೆಳಗಿದ್ದಾರೆ ಕಣೆ, ಚೆನ್ನಾಗಿದ್ದಾರೆ. ಅವರನ್ನ ಕೇಳು, ಅವರಿಗೂ ಏನಾದ್ರೂ ಕಥೆ ಇರುತ್ತೆ" ಅಂದು ಮೆಟ್ಟಿಲಿಳಿದಳು. ನಾನು ನಿಂತು ನಾಲ್ಕು ಮಾತು ಸರಿಯಾಗಿ ಕೊಟ್ಟೇ ಬಂದೆ. ಅದೇನು ಅಂತ ಇಲ್ಲಿ ಬರೆಯುವ ಹಾಗಿಲ್ಲ.

ಮೊದಲ ಸಲ ಹೇಳಿದ್ದನ್ನೇ ಹಾಕಿದ್ದರೂ ಸಾಕಾಗಿತ್ತು. ಅವಳು ಹಾಕಲಿಲ್ಲ. ಇವತ್ತು ಹಾಕಿಯಾಳು, ನಾಳೆ ಹಾಕಿಯಾಳು ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಕೊನೆಗೆ ಬಾತುವೇ ಆ ವಿಡಿಯೋ ಕೆಳಗೆ ಬರೆದಳು: ಇದು ನನ್ನ ಅಪ್ಪ. ಅಷ್ಟಕ್ಕೇ ಜನ ಮುಗಿಬಿದ್ದರು. ಸತ್ತವರ ವಿಷಯದಲ್ಲೂ ಹೊಟ್ಟೆಕಿಚ್ಚೇ, ಹೆಸರು ಮಾಡಲು ಇಷ್ಟು ಕೆಳಗಿಳಿಯಬೇಕೇ, ಒಂಟಿ ಹೆಣ್ಣು ಮುಂದೆ ಬಂದರೆ ಸಹಿಸುವುದಿಲ್ಲವೇ ಅಂತ ಬಾಯಿಗೆ ಬಂದಂತೆ ಬೈದರು. ಮಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಬೈದವರಿಗೆ ಸುಮ್ಮನಿರಿ ಅನ್ನಲೂ ಇಲ್ಲ. ಸ್ವಲ್ಪ ದಿನಕ್ಕೆ ಬಾತು ಬರೆದದ್ದು ಅಲ್ಲಿಂದ ಮಾಯವಾಯಿತು. ಅಳಿಸಿದವಳು ಯಾರು ಅಂತ ಬೇರೆ ಹೇಳಬೇಕೇ? ದೂರದ ದೇಶಕ್ಕೂ ಹೋದಳು. ಅಲ್ಲಿಂದಲೂ ನಾನೊಬ್ಬಳೇ ಅಂತ ವಿಡಿಯೋ ಬಂತು. ಹಿಡಿದವರು ಯಾರೋ, ಚಿತ್ರ ಸ್ವಲ್ಪ ಕುಣಿಯುತ್ತಿತ್ತು.

ಬಾತು ಸ್ಟುಡಿಯೋ, ಮನೆ, ಸ್ಟುಡಿಯೋ, ಮನೆ ಅಂತ ಇದ್ದುಬಿಟ್ಟಳು. ಒಂದು ಸಲ ಅವಳ ಜೊತೆ ಕೆಲಸ ಮಾಡುವವಳು ಮನೆಗೆ ಬಂದಿದ್ದಳು. ಗೋಡೆಯ ಮೇಲೆ ಮಾವನ ಫೋಟೋ ನೋಡಿ ವಿಚಾರಿಸಿದಳು. ಬಾತು ಬಹಳ ದಿನಕ್ಕೆ ಬಾಯಿ ಬಿಟ್ಟು, ಡ್ರೈವರಾಗಿದ್ದರು, ಒಂದೇ ದಾರಿ, ಕೊನೆಯಲ್ಲಿ ಬಸ್ಸು ತಿರುಗಿಸಿ ಬರುತ್ತಿದ್ದರು ಅಂತ ಹೇಳತೊಡಗಿದಳು. ಬಂದವಳು ನಡುವೆಯೇ, "ಅಯ್ಯೋ, ಥೇಟ್ ಆ ವಿಡಿಯೋ ಹುಡುಗಿ ಅಪ್ಪನ ಹಾಗೇ!" ಅಂದಳು. ಬಾತು ಮಾತು ಅಲ್ಲಿಗೇ ನಿಲ್ಲಿಸಿ ಟೀ ಮಾಡಲು ಎದ್ದಳು.

ನಾನು ಆವತ್ತೇ ತೀರ್ಮಾನ ಮಾಡಿದೆ. "ನಡಿ, ಆ ಜಾಗಕ್ಕೆ ಹೋಗಿ ಬರೋಣ. ಕೋಲು ಬೇಡ, ಕ್ಯಾಮೆರಾ ಬೇಡ. ನಾನೂ ಮಾವನಿಗೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದೆ." ಯಜಮಾನರಿಗೆ ಬರುವ ಧೈರ್ಯ ಸಾಲಲಿಲ್ಲ. ಮಾವ ಓಡಿಸುತ್ತಿದ್ದ ದಾರಿಯ ಬಸ್ಸನ್ನೇ ಹಿಡಿದೆವು. ಬಾತು ಡ್ರೈವರ್ ಸೀಟಿನ ಹಿಂದೆ ಕೂತು ದಾರಿಯುದ್ದಕ್ಕೂ ಆ ಡ್ರೈವರಿನ ತೋಳನ್ನೇ ನೋಡುತ್ತಿದ್ದಳು.

ಕೊನೆಯ ನಿಲ್ದಾಣದಲ್ಲಿ ಇಳಿದರೆ ಅಲ್ಲೊಂದು ಹೊಸ ಟೀ ಅಂಗಡಿ. ಬಾತು ಹಿಂದೆ ಬಂದಾಗ ಅದು ಇರಲಿಲ್ಲವಂತೆ. ನಮ್ಮ ಜೊತೆ ಇಳಿದ ಒಂದಿಬ್ಬರು ರಸ್ತೆಯ ಮಧ್ಯೆ ನಿಂತು ಫೋಟೋ ತೆಗೆಸಿಕೊಂಡರು. ಅಂಗಡಿಯವನು ಲೋಟ ತೊಳೆಯುತ್ತ ನಮ್ಮನ್ನೂ ಕರೆದ. "ವಿಡಿಯೋ ನೋಡಿ ಬಂದ್ರಾ? ಬನ್ನಿ, ಕೂತ್ಕೊಳ್ಳಿ. ಈಗ ಎಲ್ಲ ಅದನ್ನ ನೋಡೇ ಬರೋದು."

"ಯಾವ ವಿಡಿಯೋ?" ಅಂದೆ ನಾನು, ಬೇಕೆಂದೇ.

"ಗೊತ್ತಿಲ್ವಾ? ಆ ಹುಡುಗಿ ಅಪ್ಪ ಇಲ್ಲೇ ಬಸ್ಸು ತಿರುಗಿಸ್ತಿದ್ದಿದ್ದು. ಪಾಪ, ಒಬ್ಬಳೇ ಬಂದು ಅತ್ಕೊಂಡು ಹೋದಳು."

"ಅದು ನಮ್ಮಪ್ಪ," ಅಂದಳು ಬಾತು. ಜೋರಾಗಿ ಅನ್ನಲಿಲ್ಲ. ಹೇಳಬೇಕಾಗಿತ್ತು, ಹೇಳಿದಳು.

ಅಂಗಡಿಯವನು ಅವಳ ಮುಖ ನೋಡಿದ. ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಟೀ ಲೋಟ ಅವಳ ಮುಂದಿಟ್ಟು, "ಹೌದಮ್ಮ, ನೋಡಿದವರಿಗೆಲ್ಲ ಹಾಗೇ ಅನ್ಸುತ್ತೆ. ನಂಗೂ ನಮ್ಮಪ್ಪನೇ ನೆನಪಾದ್ರು" ಅಂದ.

ನಾನು ಕೂಗಾಡಲು ಎದ್ದೆ. ಬಾತು ನನ್ನ ಸೆರಗು ಹಿಡಿದು ಕೂರಿಸಿದಳು. ಟೀ ಮುಗಿಸಿದಳು. ಆಮೇಲೆ ಎದ್ದು ರಸ್ತೆಗಿಳಿದು, ನಡೆದುಹೋಗಿ ಒಂದು ಕಡೆ ನಿಂತಳು. ಅಪ್ಪನ ಜೊತೆ ಬಸ್ಸಿನಲ್ಲಿ ಬಂದು ಚಿಕ್ಕಂದಿನಿಂದ ಕಂಡ ಜಾಗ, ಯಾರೂ ತೋರಿಸಬೇಕಾಗಿರಲಿಲ್ಲ. ಕಣ್ಣು ಮುಚ್ಚಿಕೊಂಡಳು.

"ಅಲ್ಲಲ್ಲಮ್ಮ!" ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಕೂಗಿದ. "ಅದಲ್ಲ ಜಾಗ. ಇನ್ನೂ ಸ್ವಲ್ಪ ಈ ಕಡೆ ಬನ್ನಿ. ವಿಡಿಯೋದಲ್ಲಿ ಆ ಹುಡುಗಿ ನಿಂತಿದ್ದು ಇಲ್ಲಿ."

ನನ್ನ ನಾದಿನಿ ಕಣ್ಣು ಬಿಟ್ಟು ಅವನನ್ನು ನೋಡಿದಳು. ಆಮೇಲೆ ಸ್ವಲ್ಪ ಈ ಕಡೆ ಸರಿದು ನಿಂತಳು.